ದೊರೆಗೂ ವಯಸ್ಸಾಗುತ್ತದೆ

ವೀರರೆಂದರೆ ನನಗೆ ಈಚೆಗೆ ಸುಸ್ತು. ಚಳ್ಳಕೆರೆಯ ಶಾಲೆಯಲ್ಲಿ ಹಗಲೆಲ್ಲ ಅವರ ಪರಾಕ್ರಮವನ್ನು ಪಾಠ ಮಾಡಿ, ಪರಶುರಾಂಪುರದ ಬಸ್ಸಿನಲ್ಲಿ ನಿಂತುಕೊಂಡೇ ಊರಿಗೆ ಬಂದರೆ ಮನೆಯಲ್ಲೂ ಒಬ್ಬ ವೀರ ಕಾದಿರುತ್ತಾನೆ. ನಮ್ಮತ್ತೆ ಬಿತ್ತನೆಗೆ ಶೇಂಗಾ ಸುಲಿಯುತ್ತ ಹಾಡುವ ಕತೆಯ ಕೆಂಚಯ್ಯ ದೊರೆ. ದನ ಕಾಯುತ್ತಲೇ ದೊರೆಯಾದವನು. ಹುಲ್ಲು ನೀರು ಹುಡುಕಿಕೊಂಡು ಇಡೀ ಕುಲವನ್ನು ನಡೆಸಿದವನು. ನನ್ನ ತವರು ಬಿ.ಜಿ. ಕೆರೆಯಲ್ಲಿ ಇವನ ಕತೆಯನ್ನು ಅರ್ಧ ತೆಲುಗಿನಲ್ಲಿ ಹಾಡುತ್ತಾರೆ. ಅಲ್ಲಿ ಅವನಿಗೆ ಕೋಪ ಇನ್ನೂ ಒಂದು ಕೈ ಹೆಚ್ಚು.

ಎರಡು ಕಡೆಯೂ ಅವನು ಮಾಡುವ ಕೆಲಸವೊಂದಿದೆ. ಕಾವಲಿನಲ್ಲಿ ಮಗ ನಿದ್ದೆಹೋದನೆಂದು ಯಾರೋ ದೂರುತ್ತಾರೆ. ದೊರೆ ವಿಚಾರಿಸುವುದಿಲ್ಲ, ಮಗನನ್ನು ಸೀಮೆಯಾಚೆಗೆ ಅಟ್ಟುತ್ತಾನೆ. ಜನ ಜೈಕಾರ ಹಾಕುತ್ತಾರೆ. ಲೋಕ ಗೆದ್ದವರಿಗೂ ಹೆತ್ತ ಮಕ್ಕಳೊಡನೆ ಮಾತಾಡಲು ಬರುವುದಿಲ್ಲ, ನೋಡಿ. ತರಗತಿಯಲ್ಲಿ ನಾವು ಅದನ್ನು ತ್ಯಾಗ ಎಂದು ಕರೆದು, ಪರೀಕ್ಷೆಯಲ್ಲಿ ಅಂಕ ಕೊಡುತ್ತೇವೆ.

ನಮ್ಮ ಯಜಮಾನರು ರುದ್ರಪ್ಪನವರು ಊರಿಗೆ ಹಿರಿಯರು. ಬದುವಿನ ಜಗಳ, ಅಣ್ಣತಮ್ಮಂದಿರ ಪಾಲು, ಎಲ್ಲಕ್ಕೂ ಜನ ನಮ್ಮ ಜಗಲಿಗೇ ಬರುತ್ತಾರೆ. ನ್ಯಾಯ ಅವರದು, ಚಹಾ ನನ್ನದು. ಈ ಬೇಸಿಗೆಯಲ್ಲಿ ಪಕ್ಕದ ಹೊಲದ ತಿಪ್ಪಣ್ಣನ ಈರುಳ್ಳಿಗೆ ಕುರಿ ನುಗ್ಗಿದವು.

“ನಿಮ್ಮ ಮಹೇಶನ ಕುರಿನೇ ಇರ್ಬೇಕ್ರಿ” ಎಂದ ತಿಪ್ಪಣ್ಣ.

ಮಹೇಶ ನಮ್ಮ ಒಬ್ಬನೇ ಮಗ. ಓದು ಮುಗಿಸಿ, ತಾನೇ ಇಷ್ಟಪಟ್ಟು ಕುರಿ ಸಾಕಿದವನು. ಅವನು ಬಾಯಿ ತೆರೆಯುವುದರೊಳಗೆ ಇವರು, “ಸುಮ್ನಿರಲೇ! ನ್ಯಾಯ ಹೇಳೋ ಮನ್ಯಾಗೆ ಕಳ್ಳ ಹುಟ್ದಂಗಾತು” ಎಂದುಬಿಟ್ಟರು, ಅಷ್ಟು ಜನರ ಎದುರಿಗೆ.

“ಮಗ ಅಂತಾನೂ ನೋಡ್ಲಿಲ್ಲ, ಧರ್ಮಾತ್ಮ” ಎಂದು ಜನ ಹೊಗಳಿ ಎದ್ದರು.

ಮಾರನೆಯ ದಿನ ತಿಪ್ಪಣ್ಣನೇ ಬಂದು, “ತಪ್ಪಾತ್ರಿ, ಅವು ಬ್ಯಾರೆಯೋರ ಕುರಿ” ಎಂದ. “ಹೋಗ್ಲಿ ಬಿಡು” ಎಂದರು ಇವರು, ಕ್ಷಮಿಸುವ ಹಕ್ಕು ತಮ್ಮದೇ ಎಂಬಂತೆ. ಮಗನಿಗೆ ಮಾತ್ರ ಏನೂ ಹೇಳಲಿಲ್ಲ. ಅವನು ಅಪ್ಪನ ಜೊತೆ ಮಾತು ಬಿಟ್ಟ. ಅಂದಿನಿಂದ ನಾನು ಅಂಚೆಯವಳಾದೆ. “ಅಪ್ಪಂಗೆ ಹೇಳವ್ವ, ಮೋಟ್ರು ಕೆಟ್ಟೈತೆ.” “ನಿನ್ ಮಗಂಗೆ ಹೇಳು, ರಿಪೇರಿ ಮಾಡ್ಸು ಅಂತ.” ಇಬ್ಬರೂ ಅದೇ ಪಡಸಾಲೆಯಲ್ಲಿ, ಎದುರುಬದುರು ಕೂತಿರುತ್ತಿದ್ದರು.

ಒಂದು ಸಂಜೆ ಅತ್ತೆಯ ಹಾಡು ಮಗನನ್ನು ಅಟ್ಟುವ ಜಾಗಕ್ಕೆ ಬಂತು. ಆದರೆ ದೊರೆ ಅಟ್ಟಲಿಲ್ಲ. ಮಗನ ಪಕ್ಕ ಕೂತು, “ಏನಾತಪ್ಪ?” ಎಂದು ಕೇಳಿದ. ಯಜಮಾನರು ಮಂಚದ ಮೇಲೆ ಎದ್ದು ಕುಳಿತರು.

“ಅವ್ವಾ, ಕತೆ ಹಂಗಿಲ್ಲ. ದೊರೆ ಮಗನ್ನ ಅಟ್ತಾನೆ.”

“ಮೊದ್ಲು ಅಟ್ತಿದ್ದ.”

“ಈಗೇನಾತು?”

“ದೊರೆಗೂ ವಯಸ್ಸಾತಲ್ಲೋ ರುದ್ರ. ಮದ್ವಿಯಾಗಿ ಬಂದಾಗಿಂದ ಹಾಡ್ತಿದೀನಿ, ಅಟ್ಟಿದ ಮಗ ಒಂದು ಸಲಾನೂ ತಿರುಗಿ ಬರ್ಲಿಲ್ಲ. ಈ ಸಲ ಕೇಳಿ ನೋಡ್ಲಿ ಅಂದೆ.”

“ಕೇಳಿದ್ರೆ ಜನ ಏನಂದಾರು?”

“ಜನ ಚಾ ಕುಡ್ದು ಹೋಗ್ತಾರೆ. ಮನ್ಯಾಗೆ ಇರೋನು ಮಗ.”

ಅಂದು ಇವರ ಊಟ ಅರ್ಧಕ್ಕೇ ಮುಗಿಯಿತು.

ನಾಲ್ಕಾರು ದಿನಗಳ ಮೇಲೆ ಯಾವುದೋ ಬದುವಿನ ತಕರಾರಿಗೆ ಜನ ಸೇರಿದರು. ತಿಪ್ಪಣ್ಣನೂ ಇದ್ದ. ಯಜಮಾನರು ಗಂಟಲು ಸರಿಮಾಡಿಕೊಂಡು, “ಮೊದ್ಲು ನಂದೊಂದು ಐತೆ. ಆವತ್ತು ಮಹೇಶನ್ನ ಒಂದ್ ಮಾತೂ ಕೇಳ್ದಂಗೆ ಬೈದೆ. ಅವನ್ದೇನೂ ಇರ್ಲಿಲ್ಲ. ತಪ್ಪು ನಂದು” ಎಂದರು. ಯಾರೂ ಜೈಕಾರ ಹಾಕಲಿಲ್ಲ. ತಿಪ್ಪಣ್ಣ ತಲೆ ತಗ್ಗಿಸಿದ. ಅಂಗಳದಲ್ಲಿ ಕುರಿಮರಿ ಕಟ್ಟುತ್ತಿದ್ದ ಮಹೇಶ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದ. ಮುಖ ಎತ್ತದೆಯೇ, “ಅಪ್ಪಾ, ನಾಳೆ ಕುರಿಗೆ ಔಷಧಿ ಕುಡಿಸ್ಬೇಕು. ನೀನೂ ಬಾ” ಎಂದ.

ಮರುದಿನ ಭಾನುವಾರ, ಇಬ್ಬರೂ ಹಿತ್ತಲಿನ ಕುರಿದೊಡ್ಡಿಗೆ ಹೋದರು. ಕುರಿಯ ಬಾಯಿ ಹಿಡಿಯುವುದು ಹೇಗೆಂದು ಅಪ್ಪ ಪಾಠ ಶುರುಮಾಡಿದರು. “ನನ್ ಕುರಿ, ನಂಗೊತ್ತೈತೆ” ಎಂದು ಮಗ ರೇಗಿದ. ಇಬ್ಬರೂ ನೇರವಾಗಿ, ನನ್ನ ಹಂಗಿಲ್ಲದೆ, ಜೋರಾಗಿ ಜಗಳವಾಡುತ್ತಿದ್ದರು. ಅದನ್ನು ಕೇಳುತ್ತ ಕೇಳುತ್ತ ನಾನು, ಎಷ್ಟೋ ದಿನಗಳ ಮೇಲೆ, ಹಗಲು ಹೊತ್ತಿನಲ್ಲಿ ಒಂದು ಒಳ್ಳೆಯ ನಿದ್ದೆ ಮಾಡಿದೆ.