ಬಿಸಿಲು ಸೀಮೆಯ ಮಾದೇವಿ, ಮಳೆ ಸೀಮೆಯ ಮಾದೇವಿ

ಆ ದಿನ ಬೆಳಿಗ್ಗೆ ನಲ್ಲಿ ನೀರು ಹಿಡಿದೆ, ದೋಸೆಗೆ ಅಕ್ಕಿ ನೆನೆಹಾಕಿದೆ, ಅತ್ತೆಗೆ ಬಿ.ಪಿ. ಮಾತ್ರೆ ಕೊಟ್ಟೆ, ಸ್ಕೂಟರಿಗೆ ಗಾಳಿ ಹೊಡೆಸಿದೆ. ಕೊಳ್ಳೇಗಾಲ ಬಿಟ್ಟು ಮಧುವನಹಳ್ಳಿಯಲ್ಲಿ ಇಬ್ಬರು ರೋಗಿಗಳನ್ನು ಮಾತನಾಡಿಸಿ, ಹನೂರು ಸೇರಿ, ಕಫದ ಡಬ್ಬಿಗಳನ್ನು ಲ್ಯಾಬಿಗೆ ಒಪ್ಪಿಸಿದೆ. ಊಟದ ಡಬ್ಬಿ ಬಿಚ್ಚುವ ಮೊದಲು ಮಾದೇವಿಯನ್ನು ನೋಡಿ ಬರೋಣ ಎಂದು ಅವಳ ಹಳ್ಳಿಗೆ ಹೋದೆ.

ಕೋವಿಡ್ ಗಲಾಟೆ ಅಡಗಿ ಎರಡು ವರ್ಷವಾಗಿತ್ತು. ಹನೂರು ಕಡೆಯ ಹಳ್ಳಿಗಳಿಗೆ ನಾನು ಕ್ಷಯರೋಗ ಚಿಕಿತ್ಸೆಯ ಮೇಲ್ವಿಚಾರಕಿ. ಕೆಲಸ ಹೇಳಲು ಸುಲಭ: ಕಾಯಿಲೆ ಬಂದವರು ಆರು ತಿಂಗಳು, ಒಂದು ದಿನವೂ ತಪ್ಪದೆ, ಮಾತ್ರೆ ನುಂಗುವಂತೆ ನೋಡಿಕೊಳ್ಳುವುದು. ನಡುವೆ ಬಿಟ್ಟರೆ ಎದೆಯೊಳಗಿನ ಕ್ರಿಮಿ ಮೊಂಡು ಬೀಳುತ್ತದೆ. ಆಮೇಲೆ ಅದೇ ಮಾತ್ರೆ ನಾಟುವುದಿಲ್ಲ. ಮಾದೇವಿ ಎರಡು ತಿಂಗಳು ಮುಗಿಸಿದ್ದಳು. ಕೆಮ್ಮು ಇಳಿದಿತ್ತು, ಊಟ ಸೇರುತ್ತಿತ್ತು.

ನಾನು ಹೋದಾಗ ಅವಳು ಬಟ್ಟೆ ಗಂಟು ಕಟ್ಟುತ್ತಿದ್ದಳು.

“ಎಲ್ಲಿಗೆ ಹೊರಟೆಯವ್ವ?”

“ಕಾಪಿ ತ್ವಾಟಕ್ಕೆ ಕಣಕ್ಕಾ. ನಾಳಿಕೆ ಮೇಸ್ತ್ರಿ ಗಾಡಿ ಬತ್ತದೆ.”

“ಇನ್ನೂ ನಾಲ್ಕು ತಿಂಗಳ ಮಾತ್ರೆ ಬಾಕಿ ಇದೆ. ಮುಗಿಸಿ ಹೋಗು.”

“ಮಾತ್ರೆ ತಿನ್ಕಂಡು ಇಲ್ಲೇ ಕುಂತ್ರೆ ಒಲೆ ಯಾರು ಅಚ್ಚಾರು? ನೀವ್ ಬಂದು ಅಚ್ತೀರಾ?” ಎಂದು ನಕ್ಕಳು. “ಈ ಬಿಸ್ಲಲ್ಲಿ ಎದೆ ಉರೀತದೆ. ಅಲ್ಲಿ ತಂಪಂತೆ. ಮೈ ತುಂಬ್ಕಂಡು ಬತ್ತೀನಿ, ನೋಡ್ತಿರಿ.”

ಅವಳ ಅತ್ತೆ ದುಂಡಮ್ಮ ಮೂರು ವರ್ಷದ ಮೊಮ್ಮಗಳನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು. “ಓಗ್ಲಿ ಬುಡಿ ಮೇಡಮ್ಮೋರೆ. ನಾನೇ ಇವಳ ಬಾಯ್ಗೆ ಸೋತು ಕುಂತಿವ್ನಿ, ನೀವೆಲ್ಲಿ ಗೆದ್ದೀರಿ!”

ಗಂಡ ಮಾದಪ್ಪ ತಮಿಳುನಾಡಿನ ಗಡಿಯಾಚೆ ಕಲ್ಲುಕ್ವಾರಿಯಲ್ಲಿದ್ದ. ಮನೆಯ ಒಂದೇ ಫೋನು ಅವನ ಹತ್ತಿರ. ಒಂದು ತಿಂಗಳ ಮಾತ್ರೆ ಕೈಗಿಟ್ಟು, ಅಲ್ಲಿಯ ಆಸ್ಪತ್ರೆಯವರು ಹುಡುಕಿಕೊಂಡು ಬರುತ್ತಾರೆ, ಉಳಿದದ್ದನ್ನು ಅವರೇ ಕೊಡುತ್ತಾರೆ ಎಂದೆ. ಅವಳು ಬಾಗಿಲವರೆಗೂ ಬಂದು ದನಿ ತಗ್ಗಿಸಿದಳು: “ಕಾಯ್ಲೆ ಎಸ್ರ ಎತ್ಬೇಡಿ ಅನ್ನಿ ಅಕ್ಕಾ. ಗೊತ್ತಾದ್ರೆ ಒರಗ್ ಮನಗ್ಸಾರು.”

ರೋಗಿ ಬೇರೆ ಜಿಲ್ಲೆಗೆ ಹೋದರೆ ಅವರ ವಿವರವನ್ನು ಕಂಪ್ಯೂಟರಿನಲ್ಲಿ ಅಲ್ಲಿಗೆ ಕಳಿಸಬೇಕು. ಇದಕ್ಕೆ ಟ್ರಾನ್ಸ್‌ಫರ್ ಎನ್ನುತ್ತೇವೆ. ಹೆಸರು ಮಾದೇವಿ, ಗಂಡನ ಹೆಸರು ಮಾದಪ್ಪ, ಹನೂರು ತಾಲ್ಲೂಕು, ಇಂಥ ಎಸ್ಟೇಟಿನ ಲೈನ್ ಮನೆ, ಅಂದರೆ ಕೂಲಿಯವರ ಸಾಲುಮನೆ. ಜತೆಗೆ ಅಲ್ಲಿಯ ಕಾರ್ಯಕರ್ತೆ ಸುಮಿತ್ರಾಗೆ ಫೋನು ಮಾಡಿ ರೋಗದ ಹೆಸರು ಎತ್ತಬೇಡ ಎಂದು ಎರಡೆರಡು ಸಲ ಹೇಳಿದೆ. ಆ ಹುಡುಗಿಯ ಮುಖವನ್ನು ನಾನು ಈವರೆಗೆ ನೋಡಿಲ್ಲ. ವಾರಕ್ಕೊಂದು ಸಲ ಫೋನಿನಲ್ಲೇ ಸ್ನೇಹ ಬೆಳೆಯಿತು.

“ಅಕ್ಕಾ, ನಿಮ್ಮಲ್ಲಿ ಮಳೆಯಾ?”

“ಮೋಡದ ಸುಳಿವೂ ಇಲ್ಲ. ಫ್ಯಾನ್ ಹಾಕಿದರೆ ಬಿಸಿಗಾಳಿ.”

“ನಮ್ಮಲ್ಲಿ ಬಟ್ಟೆ ಒಣಗಿ ಎಷ್ಟು ದಿನ ಆಯ್ತೋ! ಅರ್ಧ ಮಳೆ ಕಳಿಸ್ಲಾ?”

“ಕಳಿಸು ತಾಯಿ. ನಾನು ಬಿಸಿಲು ಪಾರ್ಸಲ್ ಮಾಡ್ತೀನಿ.”

ಜುಲೈಯಲ್ಲಿ ಅವಳು ಖುಷಿಯಿಂದ ಹೇಳಿದಳು: “ನಿಮ್ಮ ಮಾದೇವಿ ಸಿಕ್ಕಿದ್ಲು ಅಕ್ಕ. ಗಟ್ಟಿಮುಟ್ಟಾಗಿದಾಳೆ. ಕಾಯಿಲೆಯವಳು ಅಂತ ಯಾರೂ ಹೇಳಲ್ಲ.” ತಂಪು ಹವೆ ಒಗ್ಗಿತೇನೋ ಎಂದುಕೊಂಡೆ. ಅಕ್ಟೋಬರಿನಲ್ಲಿ ಕಫ ಪರೀಕ್ಷೆಯೂ ನೆಗೆಟಿವ್ ಬಂತು. ಮಾದೇವಿಯ ಹೆಸರಿನ ಮುಂದೆ ‘ಗುಣಮುಖ’ ಎಂದು ಬಿತ್ತು. ಅವತ್ತು ಆಫೀಸಿನಲ್ಲಿ ಎಲ್ಲರಿಗೂ ವಡೆ ತರಿಸಿದೆ.

ಶಿವರಾತ್ರಿಗೆ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವವರಿಗಾಗಿ ಹನೂರಿನಾಚೆ ರಸ್ತೆ ಬದಿಯಲ್ಲಿ ನಮ್ಮದೊಂದು ಪ್ರಥಮ ಚಿಕಿತ್ಸೆಯ ಪೆಂಡಾಲು. ಬೊಬ್ಬೆ ಬಂದ ಪಾದಗಳಿಗೆ ಮುಲಾಮು ಹಚ್ಚುತ್ತ ಕೂತಿದ್ದೆ. ಕಾಫಿ ಸೀಮೆಗೆ ಹೋದವರು ಹರಕೆ ತೀರಿಸಲು ಗುಂಪಾಗಿ ಬಂದಿದ್ದರು. ಅವರಲ್ಲೊಬ್ಬಳು ಮುಂದೆ ಬಂದು ಕುಸಿದು ಕೂತಳು. “ಕಾಲು ಚಾಚಮ್ಮ” ಎಂದೆ.

“ಕಾಲಲ್ಲಕ್ಕ, ಎದೆ.”

ದನಿಯಿಂದ ಗುರುತು ಸಿಕ್ಕಿತು. ಮುಖದಿಂದ ಸಿಕ್ಕುವ ಹಾಗಿರಲಿಲ್ಲ. ಮೂಳೆಯ ಮೇಲೆ ಸೀರೆ ಸುತ್ತಿದಂತಿದ್ದಳು.

“ಮಾತ್ರೆ ಎಲ್ಲಾ ನುಂಗಿದೆ ತಾನೇ?”

“ನೀವ್ ಕೊಟ್ಟದ್ದ ನುಂಗ್ದೆ. ಆಮೇಲೆ ಯಾರೂ ಬರ್ನಿಲ್ವಲ್ಲ. ಬತ್ತಾರೆ ಬತ್ತಾರೆ ಅಂತ ಕಾಯ್ಕಂಡೇ ಇದ್ದೆ.”

“ನೀನೇ ಹೋಗಿ ಕೇಳಬಾರದಿತ್ತಾ?”

“ಒಂದ್ ಕ್ವಾಣೇಲಿ ಅತ್ತು ಜನ ಮನಗ್ತಿದ್ದೊ. ಕೇಳಿದ್ರೆ ಗೊತ್ತಾಗದಾ? ಆ ಮಳೇಲಿ ಎಲ್ಲಾರೂ ಕೆಮ್ಮೋರೆ. ನಾನೂ ಕೆಮ್ದೆ.”

ಪಕ್ಕದಲ್ಲಿ ಮುಲಾಮು ಹಚ್ಚಿಸಿಕೊಳ್ಳುತ್ತಿದ್ದ ದಪ್ಪನೆಯ ಹೆಂಗಸು ಕಾಲು ಹಿಂದಕ್ಕೆ ಎಳೆದುಕೊಂಡಳು. “ಅಯ್ಯೋ ಶಿವನೆ, ಆ ಮಾತ್ರೆ ಇವಳ್ದಾ?”

ಅವಳೂ ಮಾದೇವಿ. ಅದೇ ಎಸ್ಟೇಟು, ಹಿಂದಿನ ಲೈನು.

“ಒಬ್ರು ನರ್ಸಮ್ಮ ಬಂದು ಮೆತ್ತುಗೆ ಕಿವಿ ತಾವು ಕೇಳುದ್ರು. ಮಾದೇವಿಯಾ ಅಂದ್ರು, ಊ ಅಂದೆ. ಗಂಡ ಮಾದಪ್ಪನಾ ಅಂದ್ರು, ಊ ಅಂದೆ. ಅನೂರ್ ಕಡೆಯೋಳಾ ಅಂದ್ರು, ಅಲ್ಲ ಅಂತ ಸುಳ್ಳೇಳನಾ? ಉಗುಳು ಅಂದ್ರು, ಉಗುಳ್ದೆ. ಸಕ್ತಿ ಮಾತ್ರೆ ಅಂದ್ಕಂಡು ಎರಡು ದಿನ ತಿಂದೆ, ಮೂತ್ರ ಕೆಂಪ್ಗಾಯ್ತು. ಎದ್ರುಕಂಡು ಮಿಕ್ಕಿದ್ದ ತಿಪ್ಪೆಗ್ ಬಿಸಾಕ್ದೆ. ಪ್ರತಿ ತಿಂಗ್ಳೂ ಕೊಡೋರು, ಪ್ರತಿ ತಿಂಗ್ಳೂ ಬಿಸಾಕ್ತಿದ್ದೆ.”

ಆ ಮಾತ್ರೆಗೆ ಮೂತ್ರ ಕೆಂಪಾಗುವುದು ಸಹಜ. ಕಾಯಿಲೆಯ ಹೆಸರೆತ್ತದೆ ಅದನ್ನು ಹೇಗೆ ತಿಳಿಸಿ ಹೇಳುವುದು? ಬೆಟ್ಟದ ದೇವರಿಗೆ ನಡೆದುಕೊಳ್ಳುವ ನಮ್ಮ ಕಡೆ ಬೀದಿಗೆ ನಾಲ್ಕು ಮಾದೇವಿಯರು, ಐದು ಮಾದಪ್ಪಗಳು. ಇಲ್ಲಿ ಅದು ತೊಡಕೇ ಅಲ್ಲ. ಮೂಲೆಮನೆಯವಳು, ಕುರಿಯವನ ಮಗಳು ಎಂದು ಗುರುತು ಹಿಡಿಯುತ್ತೇವೆ. ದೂರದ ಸುಮಿತ್ರಾಗೆ ಅದು ಹೇಗೆ ಗೊತ್ತಾಗಬೇಕು? ಆಧಾರ್ ಕಾರ್ಡುಗಳೆಲ್ಲ ಮೇಸ್ತ್ರಿಯ ಬ್ಯಾಗಿನಲ್ಲಿದ್ದವು.

ಮಾದೇವಿಯನ್ನು ಅವತ್ತೇ ಮೈಸೂರಿಗೆ ಸಾಗಿಸಿದೆವು. ಹಳೆಯ ಮಾತ್ರೆ ಅವಳಿಗೆ ನಾಟದು ಎಂದು ಪರೀಕ್ಷೆ ಹೇಳಿತು. ಹೊಸ ಔಷಧಿ ಶುರುವಾಯಿತು, ಆದರೆ ಶ್ವಾಸಕೋಶ ಅಷ್ಟು ಕಾಲ ಕಾಯುವ ಸ್ಥಿತಿಯಲ್ಲಿರಲಿಲ್ಲ. ಯುಗಾದಿಗೆ ಮೊದಲೇ ಹೋಗಿಬಿಟ್ಟಳು. ಸುಮಿತ್ರಾ ಫೋನು ಮಾಡಿ ಅತ್ತಳು. ಅವತ್ತು ಇಬ್ಬರೂ ಮಳೆ ಬಿಸಿಲಿನ ಮಾತೆತ್ತಲಿಲ್ಲ.

ಮುಂದಿನ ಪರಿಶೀಲನಾ ಸಭೆಯಲ್ಲಿ ಮೇಲಧಿಕಾರಿ ಕಂಪ್ಯೂಟರ್ ನೋಡಿ ಕೇಳಿದರು: “ಇವಳು ಅಕ್ಟೋಬರಿನಲ್ಲೇ ಗುಣಮುಖಳಲ್ಲವೇನ್ರಿ? ಮತ್ತೆ ಸತ್ತವಳು ಯಾರು?”

“ಇವಳೇ ಸಾರ್.”

“ಯಾವ ಜಿಲ್ಲೆಯ ಲೆಕ್ಕಕ್ಕೆ?”

ಸ್ವಲ್ಪ ಹೊತ್ತು ಚರ್ಚೆ ನಡೆಯಿತು. ರೇಷನ್ ಕಾರ್ಡು ಇಲ್ಲಿಯದು, ಕೂಲಿ ಅಲ್ಲಿಯದು. ಕೊನೆಗೆ ಅವರೇ ದಾರಿ ಕಂಡುಕೊಂಡರು. “ಎರಡೂ ಪ್ರದೇಶ ಹೋಲಿಸಿ ಒಂದು ಟಿಪ್ಪಣಿ ಬರೀರಿ. ಭೌಗೋಳಿಕ ಸ್ಥಾನ, ಹವಾಮಾನ, ಜನಸಂಖ್ಯೆ. ಹವೆ ಒಗ್ಗಲಿಲ್ಲ ಅನ್ನೋದು ಎದ್ದು ಕಾಣಬೇಕು.”

ಬರೆದೆ. ನಮ್ಮದು ರಾಜ್ಯದ ತೆಂಕಣ ಅಂಚು, ಅವರದು ಪಡುವಣ ಘಟ್ಟ. ಮೈಸೂರಿನಲ್ಲಿ ಬಸ್ಸು ಬದಲಿಸಿ ಹೋದರೆ ಒಂದು ಹಗಲು ಪೂರ್ತಿ ಹಿಡಿಯುವ ದಾರಿ. ನಮ್ಮಲ್ಲಿ ಮುಂಗಾರು ಹನಿ ಹಾಕಿ ಹೋಗುತ್ತದೆ, ಹಿಂಗಾರಿಗಾಗಿ ಕಾಯುತ್ತೇವೆ. ವರ್ಷದ ಬಹುಪಾಲು ದಿನ ಜನ ಜಗುಲಿಯಲ್ಲಿ, ಅಂಗಳದಲ್ಲಿ ಮಲಗುವುದರಿಂದ ಎದೆಗೆ ಗಾಳಿಯಾಡುತ್ತದೆ. ಅಲ್ಲಿ ಜೂನ್ ಬಂತೆಂದರೆ ಬಾಗಿಲು ಮುಚ್ಚಿದ ಕೋಣೆ, ಒದ್ದೆ ಕಂಬಳಿ, ಹೊಗೆ. ಭೂಪಟ ನೋಡಿದರೆ ಅದು ತೋಟ, ಕಾಡುಗಳ ನಡುವೆ ಜನ ಚೆದುರಿರುವ ಸೀಮೆ. ಮಾದೇವಿ ಮಲಗಿದ ಕೋಣೆ ಮಾತ್ರ ಸಂತೆಗಿಂತ ಇಕ್ಕಟ್ಟು. ಇಷ್ಟು ಬರೆದು, ಕೊನೆಯಲ್ಲಿ ಇಬ್ಬರು ಮಾದೇವಿಯರ ಸಂಗತಿ ಸೇರಿಸಿ, ಇನ್ನು ಮುಂದೆ ರೋಗಿಯ ಫೋಟೋ ಕಡ್ಡಾಯವಾಗಿ ಕಳಿಸಬೇಕು ಎಂದೆ.

ಅವರು ಕೊನೆಯ ಭಾಗಕ್ಕೆ ಗೀಟು ಹಾಕಿದರು. “ಇದು ಬೇಡ. ಉಳಿದದ್ದು ಚೆನ್ನಾಗಿದೆ. ಒಳ್ಳೆ ಭೂಗೋಳದ ಮೇಡಂ ಥರ ಬರೆದಿದ್ದೀರಿ.”

ಟಿಪ್ಪಣಿ ಮೇಲಕ್ಕೆ ಹೋಯಿತು. ಹವೆ ಒಗ್ಗದೆ ಸತ್ತಳು ಎಂದಾಯಿತು. ಆಕಾಶದ ಮೇಲೆ ಹೊರಿಸಿದರೆ ಯಾರಿಗೂ ನೋಟಿಸು ಬರುವುದಿಲ್ಲ. ಫೋಟೋದ ಆದೇಶವೂ ಬರಲಿಲ್ಲ. ಈಗ ಯಾರೇ ಊರು ಬಿಟ್ಟರೂ ನನ್ನ ಮೊಬೈಲಿನಲ್ಲೇ ಪಟ ತೆಗೆದು, ಹುಬ್ಬಿನ ಗಾಯ, ಕೈಯ ಹಚ್ಚೆ ಎಲ್ಲ ಬರೆದು ಸುಮಿತ್ರಾಳಂಥವರಿಗೆ ಕಳಿಸುತ್ತೇನೆ. ಊರಿನ ವಿವರ ಎಷ್ಟಿದ್ದರೂ ಮನುಷ್ಯರ ಗುರುತು ಅದರಲ್ಲಿರುವುದಿಲ್ಲ ಎಂಬುದನ್ನು ಈ ನೌಕರಿ ನನಗೆ ಕಲಿಸಿದ್ದು ಹೀಗೆ.

ಮನೆಯಲ್ಲಿ ಕ್ಷಯ ಬಂದಿದ್ದರೆ ಚಿಕ್ಕ ಮಕ್ಕಳಿಗೆ ತಡೆ ಮಾತ್ರೆ ಕೊಡಬೇಕು. ಸಭೆಯ ಮಾರನೆಯ ದಿನ ದುಂಡಮ್ಮನ ಮನೆಗೆ ಹೋದೆ. ಅವಳು ಮಾತ್ರೆಯನ್ನು ಅಂಗೈಯಲ್ಲಿ ಹೊರಳಿಸಿ ನೋಡಿದಳು.

“ಎಸ್ಟು ತಿಂಗ್ಳು?”

“ಆರು.”

“ಆರು ತಿಂಗ್ಳೂ ನೀವೇ ಬರ್ಬೇಕು. ಇನ್ನೊಬ್ರ ಕಳ್ಸುದ್ರೆ ನಾ ಬಾಗ್ಲು ತಗಿಯಲ್ಲ.”

ಆಗಲಿ ಎಂದೆ. ಊಟ ಮಾಡದೆ ಬಿಡಲಿಲ್ಲ. ಮುದ್ದೆ, ಹುರುಳಿಕಾಳು ಸಾರು, ಒಂದು ಈರುಳ್ಳಿ. ಕೂಸು ಮಾತ್ರೆ ನುಂಗಿ, ನನ್ನ ತಟ್ಟೆಯಿಂದ ಎರಡು ತುತ್ತು ತಿಂದು, ಜಗುಲಿಯ ಮೇಲೆ ಮಲಗಿತು. ದುಂಡಮ್ಮ ಅದರ ಎದೆಯ ಮೇಲೆ ಕೈಯಿಟ್ಟು ಉಸಿರು ನೋಡುತ್ತ ಕೂತಳು. ನಾನು ಸ್ಕೂಟರ್ ಹತ್ತುವವರೆಗೂ ಆ ಕೈ ತೆಗೆಯಲಿಲ್ಲ.