ಕೋಳಿಯ ಪೆಟ್ಟಿಗೆಯ ಮುಂದಿದ್ದ ಒಂಬತ್ತು ಚೀಟಿ

ಮತದಾನ ಮುಗಿದ ಸಂಜೆ ಐದು ಗಂಟೆಗೆ ನಾನು ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಶಾಲೆಯಲ್ಲಿ, ಎರಡನೆಯ ಕೋಣೆಯ ಬಾಗಿಲಿನ ಎಡಗಡೆ ನಿಂತಿದ್ದೆ. ಐವತ್ತರ ದಶಕ ಮುಗಿಯುತ್ತಿತ್ತು. ಮುನಿಸಿಪಾಲಿಟಿ ಚುನಾವಣೆಗೆ ನಿಂತವರು ನನ್ನ ಭಾವ, ಅಕ್ಕನ ಗಂಡ. ನಾನು ಅವರ ಏಜೆಂಟ್.

ಪಕ್ಷಗಳಿಗೆ ಆನೆ, ಸಿಂಹದಂಥ ಚಿಹ್ನೆಗಳು ಹೇಗೆ ಬಂದವು ಎಂಬುದಕ್ಕೆ ಈಗ ದೊಡ್ಡ ಅರ್ಥ ಹೇಳುತ್ತಾರೆ. ನಮ್ಮ ನಾಲ್ಕು ಬೀದಿಯವರು ಕಟ್ಟಿದ ಪುಟ್ಟ ಪಕ್ಷ ಆನೆ ಕೇಳಿತ್ತು. ಇನ್ನೊಬ್ಬರೂ ಅದನ್ನೇ ಕೇಳಿದರು. ಕಚೇರಿಯಲ್ಲಿ ಚೀಟಿ ಎತ್ತಿದರು. ಆನೆ ಅವರ ಪಾಲಾಯಿತು. ನಮಗೆ ಉಳಿದದ್ದು ಹುಂಜ.

ನಮ್ಮದು ಲಿಂಗ ಕಟ್ಟಿಕೊಂಡವರ ಬೀದಿ. ಹುಂಜದ ಚಿತ್ರವಿದ್ದ ಕರಪತ್ರವನ್ನು ಭಾವನ ತಾಯಿಯೇ ಹೊಸಿಲು ದಾಟಲು ಬಿಡಲಿಲ್ಲ.

"ಮಾರಾಯ್ತಿ, ಗೆದ್ರೆ ನಿನ್ನ ಗಂಡ ದಿನಾ ಬೆಳಗ್ಗೆ ಕೂಗ್ತಾನೇನೆ?" ಎಂದು ಪಕ್ಕದ ಮನೆಯಾಕೆ ಅಕ್ಕನನ್ನು ಕೆಣಕಿದಳು.

ಭಾವನ ತಾಯಿ ನಗಲಿಲ್ಲ. "ಮಗ ಗೆಲ್ಲಲಿ ಅಂತ ನನಗೂ ಆಸೆ ಕಣಪ್ಪ. ಪೂಜೆ ಮಾಡೋ ಕೈಯಲ್ಲಿ ಕೋಳಿ ಮುಟ್ಲಾ?"

"ಮುಟ್ಟೋದೇ ಬೇಡ ಅತ್ತೆ. ಚೀಟಿ ಹಾಕಿದ್ರೆ ಸಾಕು" ಎಂದೆ. ಮನೆಮನೆಯಲ್ಲೂ ಇದನ್ನೇ ಹೇಳಿದೆ.

ಆಗ ಮತಪತ್ರಕ್ಕೆ ಮುದ್ರೆ ಒತ್ತುವುದಿರಲಿಲ್ಲ. ಪರದೆಯ ಹಿಂದೆ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ಬೇಕಾದವರ ಪೆಟ್ಟಿಗೆಯೊಳಗೆ ಚೀಟಿ ತುರುಕಬೇಕು. ಕಿಂಡಿ ಬಿಗಿ, ಇನ್ನೊಂದು ಕೈಯಿಂದ ಪೆಟ್ಟಿಗೆ ಹಿಡಿಯದೆ ಆಗುತ್ತಿರಲಿಲ್ಲ. ಅದನ್ನು ನಾನು ಯಾರಿಗೂ ತೋರಿಸಿರಲಿಲ್ಲ.

ಅಧಿಕಾರಿ ಪರದೆ ಸರಿಸಿದರು. ಕೊನೆಯ ಮತ ಹಾಕಿದ ಅಕ್ಕ ಇನ್ನೂ ಬಾಗಿಲಲ್ಲೇ ಇದ್ದಳು. ಹುಂಜದ ಪೆಟ್ಟಿಗೆಯ ಮುಂದೆ, ಮೇಜಿನ ಮೇಲೆ, ಪೆಟ್ಟಿಗೆಗೆ ತಾಗದಂತೆ ಒಂಬತ್ತು ಮತಪತ್ರಗಳಿದ್ದವು. ಎಲ್ಲವನ್ನೂ ನೀಟಾಗಿ ಮಡಿಸಿದ್ದರು.

"ಇವು ನಮ್ಮವೇ ಸಾರ್. ನಮ್ಮ ಪೆಟ್ಟಿಗೆ ಮುಂದೇನೇ ಇವೆಯಲ್ಲ."

"ಒಳಗೆ ಬಿದ್ದದ್ದು ವೋಟು ಕಣ್ರೀ. ಹೊರಗಿದ್ದದ್ದು ರದ್ದು."

ಮೂರು ಸಲ ಹೇಳಿದೆ. ಅವರು ಅವನ್ನು ಲಕೋಟೆಗೆ ಹಾಕಿ ಅರಗು ಒತ್ತಿದರು.

ಮನೆಗೆ ಬಂದರೆ ಭಾವನ ತಾಯಿ ಜಗುಲಿಯಲ್ಲೇ ಕಾಯುತ್ತಿದ್ದರು. "ನೀನು ಹೇಳಿದ ಹಾಗೇ ಮಾಡ್ದೆ ಕಣಪ್ಪ, ಮುಟ್ಟಲಿಲ್ಲ. ಮುಂದೆ ಇಟ್ಟು ಬಂದೆ. ಗೆಲ್ತಾನಲ್ವಾ?"

ಅಕ್ಕ ನನ್ನ ಮುಖ ನೋಡಿದಳು. ನಾನು ಹೂಂ ಅಂದೆ.

ಮರುದಿನದ ಎಣಿಕೆಯಲ್ಲಿ ಭಾವ ಏಳು ಮತಗಳಿಂದ ಸೋತರು. ಸಾಯುವವರೆಗೂ ಆನೆ ಕೈತಪ್ಪಿದ್ದಕ್ಕೇ ಬೈದುಕೊಂಡರು. ನಾನು ತಿದ್ದಲಿಲ್ಲ. ಆ ಅಧಿಕಾರಿಯೂ ಈಗಿಲ್ಲ. ಆ ಮೇಜನ್ನು ನನ್ನೊಡನೆ ಕಂಡವರಲ್ಲಿ ಬದುಕಿರುವವಳು ಭದ್ರಾವತಿಯಲ್ಲಿ ಮಗಳ ಮನೆಯಲ್ಲಿರುವ ನನ್ನ ಅಕ್ಕ ಒಬ್ಬಳೇ.