ಅಟ್ಟ ಸೇರಿದ ಆಕಾಶದ ಪೆಟ್ಟಿಗೆ

ಟೆಲಿಗ್ರಾಂನಲ್ಲಿದ್ದದ್ದು ಇಷ್ಟೇ: ಪೆಟ್ಟಿಗೆ ಸಿಕ್ಕಿದೆ, ಶೆಟ್ಟಿಕೆರೆ ಹತ್ತಿರ ರುದ್ರಯ್ಯನವರ ಮನೆಯ ಅಟ್ಟದಲ್ಲಿದೆ. ಬೆಂಗಳೂರಿನಿಂದ ಬೆಳಗಿನ ರೈಲಿಗೆ ಹೊರಟೆ. ಆ ಪೆಟ್ಟಿಗೆ ಕಟ್ಟಿದ ಬಲೂನನ್ನು ಹೈದರಾಬಾದಿನಲ್ಲಿ ಹಾರಿಸಿದ್ದು ನಮ್ಮ ಸಂಶೋಧನಾ ತಂಡವೇ. ಅದು ಲೆಕ್ಕ ಮೀರಿ ದಕ್ಷಿಣಕ್ಕೆ ಬಂದಿತ್ತು. ತಪ್ಪು ಗಾಳಿಯದು, ಲೆಕ್ಕದ್ದಲ್ಲ ಎಂದೇ ನನ್ನ ನಂಬಿಕೆ.

ಬಾಹ್ಯಾಕಾಶದಿಂದ ಬರುವ ಎಲೆಕ್ಟ್ರಾನುಗಳು ಗಾಳಿಯ ಪದರ ದಾಟಿ ನೆಲ ಮುಟ್ಟುವುದಿಲ್ಲ. ಅದಕ್ಕೇ ನಮ್ಮ ದೂರದರ್ಶಕವನ್ನು ಬಲೂನಿಗೆ ಕಟ್ಟಿ ಮೇಲೆ ಕಳಿಸಿದ್ದೆವು. ಹೆಸರಿಗೆ ದೂರದರ್ಶಕ, ನೋಡಿದರೆ ಸೀಸದ ಹಾಳೆಗಳ ನಡುವೆ ಫಿಲ್ಮು ಜೋಡಿಸಿದ ಪೆಟ್ಟಿಗೆ. ಎಲೆಕ್ಟ್ರಾನು ಹಾದುಹೋದ ಗುರುತು ಫಿಲ್ಮಿನಲ್ಲಿ ಉಳಿಯುತ್ತದೆ. ಅದರಿಂದ ಅದರ ಶಕ್ತಿ ಅಳೆಯುತ್ತೇವೆ.

ತಿಪಟೂರಿನಲ್ಲಿ ಇಡ್ಲಿ ತಿಂದು ಚಿಕ್ಕನಾಯಕನಹಳ್ಳಿ ಬಸ್ಸು ಹತ್ತಿದೆ. ಟಿಕೆಟ್ಟು ಒಂದೂವರೆ ರೂಪಾಯಿ, ಬಿಸಿಲು ಧಾರಾಳ. ಪಕ್ಕದಲ್ಲಿದ್ದ ಕೊಬ್ಬರಿ ವ್ಯಾಪಾರಿಗೆ ಅಟ್ಟದ ವಿಷಯ ಹೇಳಿದೆ. ಇಲ್ಲಿ ಕಾಯಿಗಳನ್ನು ವರ್ಷವಿಡೀ ಅಟ್ಟದಲ್ಲಿಟ್ಟು, ಕೆಳಗಿನ ಒಲೆಯ ಕಾವಿಗೆ ಒಣಗಿಸುತ್ತಾರೆಂದು ಅವರು ಹೆಮ್ಮೆಯಿಂದ ವಿವರಿಸಿದರು. ಕಾವು ತಗುಲಿದರೆ ಫಿಲ್ಮು ಕಪ್ಪಾಗಿ ಎರಡು ವರ್ಷದ ದುಡಿಮೆ ಮಣ್ಣುಪಾಲು.

ಶೆಟ್ಟಿಕೆರೆಯಲ್ಲಿ ಇಳಿದು ತೋಟದ ಹಾದಿಯಲ್ಲಿ ಎರಡು ಮೈಲಿ ದಾಪುಗಾಲು ಹಾಕಿದೆ. ರುದ್ರಯ್ಯನವರು ಕೆತ್ತಿಕೊಟ್ಟ ಎಳನೀರನ್ನು ಜಗಲಿಯಲ್ಲೇ ಬಿಟ್ಟು ಅಡುಗೆಮನೆಗೆ ನುಗ್ಗಿದೆ. ಒಲೆಯ ನೇರ ಮೇಲೆ, ಅಟ್ಟದ ಗಳುಗಳ ಸಂದಿಯಲ್ಲಿ, ರಾಶಿ ಕಾಯಿಗಳ ನಡುವೆ ನಮ್ಮ ಪೆಟ್ಟಿಗೆ ಕಂಡಿತು. ಇಲ್ಲೇಕೆ ಇಟ್ಟಿರೆಂದು ಗದರಿಸಿಯೇಬಿಟ್ಟೆ.

ಅವರ ಹೆಂಡತಿ ಗೌರಮ್ಮ ಒಲೆಯ ಬೂದಿಯೊಳಗೆ ಕೈಯಿಟ್ಟು ತೋರಿಸಿದರು. ತಣ್ಣಗಿತ್ತು.

"ಬೆಳಕು ಬೀಳಬಾರ್ದು, ಕಾವು ತಾಕಬಾರ್ದು ಅಂತ ಪೆಟ್ಟಿಗೆ ಮ್ಯಾಲೆ ಬರ್ದಿತ್ತು ಕಣವ್ವ. ಕತ್ಲೆ ಇರೋದು ಅಟ್ಟದಲ್ಲೇ. ಅದ್ಕೇ ಐದು ದಿನದಿಂದ ಹಿತ್ಲಲ್ಲಿ ಒಲೆ ಹೂಡ್ಕಂಡಿದೀನಿ."

ಹೆಂಚಿನ ಕಾವು ಬಡಿಯದಿರಲೆಂದು ಪೆಟ್ಟಿಗೆಯ ಸುತ್ತ, ಮೇಲೆ ಹಸಿಕಾಯಿ ಪೇರಿಸಿದ್ದೂ ಅವರೇ. ಊರಿನ ಕೆಲವರು ಬಿಚ್ಚಿ ನೋಡೋಣವೆಂದು ಬಂದಿದ್ದರಂತೆ. ಗೌರಮ್ಮ ಏಣಿಯನ್ನೇ ತೆಗೆದಿಟ್ಟಿದ್ದರು.

"ವರ್ಸದ ತನಕ ಕಾಯಿ ಒಡೀದಂಗೆ ಕಾಯ್ತೀವಿ. ಐದು ದಿನ ಕಾಯೋದೇನು ದೊಡ್ದು, ಬುಡವ್ವ," ಎಂದರು.

ಅವರು ತಂದಿಟ್ಟ ಏಣಿ ಹತ್ತಿ ನೋಡಿದೆ. ಮೊಹರು ಹಾಗೇ ಇತ್ತು. ಕಾವು ತಗುಲಿದರೆ ಬಣ್ಣ ಬದಲಿಸುವ ಪಟ್ಟಿ ಬೆಳ್ಳಗೇ ಇತ್ತು. ಗದರಿಸಿದ್ದಕ್ಕೆ ನಾಚಿಕೆಯಾಯಿತು. ಗೌರಮ್ಮನವರಿಗೆ ಹಾಗೆಂದು ಹೇಳಿ, ಜಗಲಿಯ ಎಳನೀರು ಕುಡಿದೆ.

ಪೆಟ್ಟಿಗೆಯನ್ನು ಹುಲ್ಲಿನ ಮೇಲಿಟ್ಟು ರುದ್ರಯ್ಯನವರು ಎತ್ತಿನಗಾಡಿ ಹೊಡೆದರು. ತೋಟದ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಆ ಮನೆಯ ಹೆಂಚಿನ ಸಂದಿಯಿಂದ, ಐದು ದಿನಗಳ ಮೇಲೆ, ಹೊಗೆ ಏಳುತ್ತಿತ್ತು.